ರಾಸು ವಿಮೆ ಮಾಡಿಸುವ ನಿರ್ಧಾರ: ತುಷ್ಟಿಗುಣ ಫಲನವನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವ ವಿಧಾನ

ಪೀಠಿಕೆ

ರಾಸುಗಳಿಗೆ ವಿಮೆ ಮಾಡಿಸಲು ಅರ್ಜಿ ಸಲ್ಲಿಸುವ ಹೈನುಗಾರರು, “ರಾಸು ಸಾಯದಿದ್ದರೆ ಕಟ್ಟಿದ ಕಂತು ವ್ಯರ್ಥವಲ್ಲವೇ?” ಎಂದು ಕೇಳುವುದುಂಟು. ಈ ಪ್ರಶ್ನೆಗೆ ಸರಾಸರಿ ಲೆಕ್ಕವೊಂದರಿಂದಲೇ ಸರಿಯಾದ ಉತ್ತರ ದೊರೆಯುವುದಿಲ್ಲ. ನಿರ್ಧಾರ ವಿಶ್ಲೇಷಣೆ ಎಂಬ ಶಾಸ್ತ್ರವು ಇದಕ್ಕೆ ಒಂದು ಕ್ರಮವನ್ನು ಒದಗಿಸಿದ್ದು, ಅದನ್ನು ಸಾಮಾನ್ಯ ಗಣಕಯಂತ್ರದಲ್ಲಿಯೇ ಅನುಸರಿಸಬಹುದಾಗಿದೆ. ಸಾರ್ವಜನಿಕರ ತಿಳಿವಳಿಕೆಗಾಗಿ ಸದರಿ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ತುಷ್ಟಿಗುಣ ಫಲನ ಎಂದರೇನು?

ಒಂದೇ ಮೊತ್ತದ ನಷ್ಟವು ಎಲ್ಲರಿಗೂ ಒಂದೇ ಭಾರವಾಗಿರುವುದಿಲ್ಲ. ಹತ್ತು ಹಸುಗಳಿರುವ ಮನೆಯಲ್ಲಿ ಒಂದು ಹಸು ಸತ್ತರೆ ಆದಾಯ ಕುಗ್ಗುತ್ತದೆ; ಒಂದೇ ಹಸುವಿರುವ ಮನೆಯಲ್ಲಿ ಆದಾಯವೇ ನಿಲ್ಲುತ್ತದೆ. ಹಣದ ಮೊತ್ತಕ್ಕೂ ಅದರಿಂದ ವ್ಯಕ್ತಿಗೆ ದೊರೆಯುವ ತೃಪ್ತಿಗೂ ಇರುವ ಸಂಬಂಧವನ್ನು ಅಂಕಿಗಳಲ್ಲಿ ತೋರಿಸುವುದೇ ತುಷ್ಟಿಗುಣ ಫಲನ. ಡೇನಿಯಲ್ ಬರ್ನೌಲಿಯವರು 1738ರಲ್ಲಿ ಈ ವಿಚಾರವನ್ನು ಮಂಡಿಸಿದರು. ವಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ ಅವರು 1944ರ ತಮ್ಮ ಗ್ರಂಥದಲ್ಲಿ ಇದಕ್ಕೆ ಗಣಿತದ ತಳಹದಿಯನ್ನು ಒದಗಿಸಿದರು.

2. ಉದಾಹರಣೆ

(ಕೆಳಗಿನ ಅಂಕಿಗಳು ವಿವರಣೆಗಾಗಿ ಮಾತ್ರ.)

ಹಸುವಿನ ಮೌಲ್ಯ: ರೂ. 60,000
ಒಂದು ವರ್ಷದಲ್ಲಿ ಸಾಯುವ ಸಂಭವನೀಯತೆ: ಶೇ. 4
ಪೂರ್ಣ ವಿಮಾ ಕಂತು: ರೂ. 3,000

ಸರಾಸರಿ ಲೆಕ್ಕದಂತೆ ನಿರೀಕ್ಷಿತ ನಷ್ಟವು 60,000ದ ಶೇ. 4, ಅಂದರೆ ರೂ. 2,400. ಕಂತು ಇದಕ್ಕಿಂತ ರೂ. 600 ಹೆಚ್ಚು. ಇಷ್ಟನ್ನೇ ನೋಡಿದರೆ ವಿಮೆ ಬೇಡವೆಂದು ತೋರುತ್ತದೆ.

3. ಅಪಾಯ ಸಹನಾಮಿತಿಯನ್ನು ಕಂಡುಕೊಳ್ಳುವುದು

ಮುಂದಿನ ಲೆಕ್ಕಕ್ಕೆ ಕುಟುಂಬದ ಅಪಾಯ ಸಹನಾಮಿತಿ (ಇಲ್ಲಿ ‘ಆರ್’ ಎನ್ನಲಾಗಿದೆ) ಅಗತ್ಯ. ಗೆದ್ದರೆ ಒಂದು ಮೊತ್ತ ಬರುವ, ಸೋತರೆ ಅದರ ಅರ್ಧ ಹೋಗುವ, ಗೆಲುವು ಸೋಲುಗಳಿಗೆ ಸಮಾನ ಅವಕಾಶವಿರುವ ವ್ಯವಹಾರವನ್ನು ಊಹಿಸಿಕೊಳ್ಳಿ. ಎಷ್ಟು ಮೊತ್ತದವರೆಗೆ ತಾವು ಇದಕ್ಕೆ ಒಪ್ಪುವಿರೋ ಆ ಗರಿಷ್ಠ ಮೊತ್ತವೇ ಸರಿಸುಮಾರಾಗಿ ತಮ್ಮ ‘ಆರ್’. ರೂ. 25,000 ಕಳೆದುಕೊಳ್ಳುವ ಸಾಧ್ಯತೆಗಿಂತ ಮುಂದೆ ಹೋಗಲು ಮನಸ್ಸೊಪ್ಪದವರ ‘ಆರ್’ ರೂ. 50,000 ಆಗುತ್ತದೆ. ಮನೆಯವರೊಡನೆ ಚರ್ಚಿಸಿ ಇದನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ.

4. ಗಣಕಯಂತ್ರದಲ್ಲಿ ಲೆಕ್ಕ

ಎಕ್ಸೆಲ್ ಅಥವಾ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್ ತಂತ್ರಾಂಶದಲ್ಲಿ ಈ ಹಂತಗಳನ್ನು ಅನುಸರಿಸಬೇಕು:

ಅ) ನಷ್ಟದ ಮೊತ್ತವನ್ನು ‘ಆರ್’ನಿಂದ ಭಾಗಿಸುವುದು.
ಆ) ಬಂದ ಸಂಖ್ಯೆಗೆ ‘ಎಕ್ಸ್‌ಪ್’ ಸೂತ್ರವನ್ನು ಅನ್ವಯಿಸಿ, 1ನ್ನು ಕಳೆಯುವುದು.
ಇ) ಅದನ್ನು ಸಂಭವನೀಯತೆಯಿಂದ (0.04) ಗುಣಿಸಿ, 1ನ್ನು ಕೂಡುವುದು.
ಈ) ಅದಕ್ಕೆ ‘ಎಲ್‌ಎನ್’ ಸೂತ್ರವನ್ನು ಅನ್ವಯಿಸಿ, ‘ಆರ್’ನಿಂದ ಗುಣಿಸುವುದು.

ಹೀಗೆ ಬರುವುದೇ ನಿಶ್ಚಿತ ಸಮಾನ ಮೊತ್ತ. ಅಂದರೆ ಸದರಿ ಅಪಾಯದಿಂದ ಪಾರಾಗಲು ಆ ಕುಟುಂಬ ಕೊಡಬಹುದಾದ ಗರಿಷ್ಠ ಕಂತು. ಫಲಿತಾಂಶ ಹೀಗಿದೆ:

‘ಆರ್’ ರೂ. 50,000 ಇದ್ದಲ್ಲಿ: ರೂ. 4,437
‘ಆರ್’ ರೂ. 1,00,000 ಇದ್ದಲ್ಲಿ: ರೂ. 3,236
‘ಆರ್’ ರೂ. 5,00,000 ಇದ್ದಲ್ಲಿ: ರೂ. 2,543

ಮೊದಲ ಎರಡು ಕುಟುಂಬಗಳಿಗೆ ರೂ. 3,000ದ ಕಂತು ಲಾಭದಾಯಕ; ಮೂರನೆಯದಕ್ಕೆ ಅಲ್ಲ. ಹಸು ಒಂದೇ, ಕಂತು ಒಂದೇ. ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಮಾತ್ರ ಬೇರೆ. ‘ಆರ್’ ಸುಮಾರು ರೂ. 1,33,000ಕ್ಕಿಂತ ಕಡಿಮೆ ಇರುವವರಿಗೆ ಪೂರ್ಣ ಕಂತು ಕಟ್ಟಿಯೂ ವಿಮೆ ಹಿತಕರ.

5. ನಕ್ಷೆಯಲ್ಲಿ ನೋಡುವುದು

ಒಂದು ಕಂಬಸಾಲಿನಲ್ಲಿ ಋಣ 60,000ದಿಂದ ಧನ 60,000ದವರೆಗೆ ಹತ್ತು ಸಾವಿರದ ಅಂತರದಲ್ಲಿ ಮೊತ್ತಗಳನ್ನು ನಮೂದಿಸಿ. ಪ್ರತಿ ಮೊತ್ತವನ್ನೂ ‘ಆರ್’ನಿಂದ ಭಾಗಿಸಿ, ಚಿಹ್ನೆಯನ್ನು ಬದಲಿಸಿ, ‘ಎಕ್ಸ್‌ಪ್’ ಅನ್ವಯಿಸಿ, ಬಂದುದನ್ನು 1ರಿಂದ ಕಳೆದು ಪಕ್ಕದ ಕಂಬಸಾಲಿನಲ್ಲಿ ದಾಖಲಿಸಿ, ನಕ್ಷೆ ರಚಿಸಿ. ಎಡಭಾಗದಲ್ಲಿ ರೇಖೆ ಕಡಿದಾಗಿ ಕೆಳಗಿಳಿಯುವುದು ಕಾಣುತ್ತದೆ. ನಷ್ಟ ದೊಡ್ಡದಾದಂತೆ ನೋವು ಅದಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂಬುದೇ ಇದರ ಅರ್ಥ. ‘ಆರ್’ ಹೆಚ್ಚಿದಷ್ಟೂ ರೇಖೆಯು ನೇರವಾಗುತ್ತದೆ. ಪ್ರಿಸಿಷನ್‌ಟ್ರೀಯಂತಹ ವಿಶೇಷ ತಂತ್ರಾಂಶದಲ್ಲಿ ನಿರ್ಧಾರ ವೃಕ್ಷವನ್ನು ರಚಿಸಿ ‘ಆರ್’ ನಮೂದಿಸಿದಲ್ಲಿ ಲೆಕ್ಕವು ತಾನಾಗಿಯೇ ಆಗುತ್ತದೆ.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ಫಲಾನುಭವಿಯ ಪಾಲನ್ನು ಕಂತಿನ ಶೇ. 15ಕ್ಕೆ ಇಳಿಸಲು ಕೇಂದ್ರ ಸಚಿವ ಸಂಪುಟವು 2024ರ ಫೆಬ್ರವರಿಯಲ್ಲಿ ಅನುಮೋದನೆ ನೀಡಿತು. ಮೇಲಿನ ಉದಾಹರಣೆಯಲ್ಲಿ ಇದು ರೂ. 450 ಆಗುತ್ತದೆ. ಇದು ನಿರೀಕ್ಷಿತ ನಷ್ಟವಾದ ರೂ. 2,400ಕ್ಕಿಂತಲೂ ಬಹಳ ಕಡಿಮೆಯಾದ್ದರಿಂದ, ಸಹಾಯಧನ ದೊರೆಯುವ ಸಂದರ್ಭದಲ್ಲಿ ಮೂರೂ ಕುಟುಂಬಗಳಿಗೆ ವಿಮೆ ಲಾಭದಾಯಕ.
• ಪರಿಹಾರದ ಮೊತ್ತವು ರಾಸಿನ ನಿಜ ಮೌಲ್ಯಕ್ಕಿಂತ ಕಡಿಮೆ ಇದ್ದಲ್ಲಿ, ಲೆಕ್ಕದಲ್ಲಿ ಪರಿಹಾರದ ಮೊತ್ತವನ್ನೇ ನಮೂದಿಸಿದರೆ ಸ್ಥೂಲ ಅಂದಾಜು ದೊರೆಯುತ್ತದೆ.
• ಕಿವಿ ಓಲೆಯೇ ವಿಮೆಯಾದ ರಾಸಿನ ಗುರುತು. ಅದು ಬಿದ್ದುಹೋದಲ್ಲಿ ಕೂಡಲೇ ತಿಳಿಸತಕ್ಕದ್ದು.
• ಚಾಲ್ತಿಯಲ್ಲಿರುವ ಕಂತಿನ ದರ ಹಾಗೂ ಸಹಾಯಧನದ ಲಭ್ಯತೆಯನ್ನು ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಆ ಅಂಕಿಗಳಿಂದಲೇ ಲೆಕ್ಕ ಮಾಡಿಕೊಳ್ಳುವುದು.

ಲೆಕ್ಕವು ನಿರ್ಧಾರಕ್ಕೆ ನೆರವು ಮಾತ್ರ. ಅಂತಿಮ ತೀರ್ಮಾನ ಅರ್ಜಿದಾರರದ್ದೇ ಆಗಿರುತ್ತದೆ.