ಕೊಂಡರೂ ನಮ್ಮದಾಗದ ಪುಸ್ತಕ

2009ರ ಬೇಸಿಗೆ ರಜೆ. ಅಮೆರಿಕದ ಮಿಷಿಗನ್‌ನ ಹೈಸ್ಕೂಲ್ ಹುಡುಗನೊಬ್ಬ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನು ಅಮೆಜಾನ್‌ನ ಇ-ಪುಸ್ತಕ ಸಾಧನ ಕಿಂಡಲ್‌ನಲ್ಲಿ ಓದುತ್ತಾ, ಶಾಲೆಯ ಕೆಲಸಕ್ಕೆಂದು ಅಲ್ಲಲ್ಲೇ ಟಿಪ್ಪಣಿ ಬರೆದುಕೊಂಡಿದ್ದ. ಜುಲೈನಲ್ಲಿ ಒಂದು ದಿನ ಪುಸ್ತಕವೇ ಮಾಯವಾಯಿತು. ಟಿಪ್ಪಣಿಗಳೇನೋ ಉಳಿದವು; ಯಾವ ಸಾಲಿಗೆ ಬರೆದದ್ದೋ ಆ ಸಾಲೇ ಇಲ್ಲದ ಮೇಲೆ ಅವು ಯಾತಕ್ಕೂ ಬಾರದೆ ಹೋದವು.

ಆದದ್ದಿಷ್ಟು: ಅಮೆರಿಕದಲ್ಲಿ ಮಾರುವ ಹಕ್ಕಿಲ್ಲದವರೊಬ್ಬರು ಆರ್ವೆಲ್‌ನ ಎರಡು ಪುಸ್ತಕಗಳನ್ನು ಅಮೆಜಾನ್ ಮಳಿಗೆಗೆ ಏರಿಸಿದ್ದರು. ವಿಷಯ ತಿಳಿದ ಕಂಪನಿ ಹಣ ಮರಳಿಸಿ, ಓದುಗರ ಕೈಯಲ್ಲಿದ್ದ ಕಿಂಡಲ್‌ಗಳಿಂದಲೇ ಅವನ್ನು ಅಳಿಸಿತು. ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಹುಡುಗ ಹೂಡಿದ ದಾವೆ 1.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಆದರೆ ಅಳಿಸುವ ಕೀಲಿ ಮೊದಲಿನಿಂದಲೂ ಕಂಪನಿಯ ಕೈಯಲ್ಲೇ ಇತ್ತೆಂಬ ಸಂಗತಿಯನ್ನು ಯಾವ ರಾಜಿಯೂ ಮರೆಸಲಾರದು.

2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಗೇ ಬೀಗ ಹಾಕಿತು. ಹಣ ವಾಪಸ್ ಬಂತು, ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್. ಪುಸ್ತಕ ಮಾತ್ರ ಹೋಯಿತು.

ಕಾಗದದ ಪುಸ್ತಕದ ಮೇಲಿನ ಹಕ್ಕೂ ಪುಕ್ಕಟೆ ಬಂದದ್ದಲ್ಲ. ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿಯನ್ನು ಒಂದು ಡಾಲರ್‌ಗಿಂತ ಕಡಿಮೆಗೆ ಮಾರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಬಾಬ್ಸ್-ಮೆರಿಲ್ ಪ್ರಕಾಶನ ಪುಸ್ತಕದೊಳಗೇ ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಅಂಗಡಿ 89 ಸೆಂಟ್‌ಗೆ ಮಾರಿತು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಂಗಡಿಯ ಪರ ನಿಂತಿತು: ಒಮ್ಮೆ ಮಾರಿದ ಪ್ರತಿಯ ಮುಂದಿನ ಬೆಲೆ ಕಟ್ಟುವ ಅಧಿಕಾರ ಪ್ರಕಾಶಕರಿಗಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ನೂ ಒಮ್ಮೆ ಮಾರಾಟವಾದ ಪ್ರತಿಯನ್ನು ಆಗಲೇ ಚಲಾವಣೆಯಲ್ಲಿರುವುದೆಂದು ಎಣಿಸುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಹಳೆ ಪುಸ್ತಕಗಳು ಕೈಯಿಂದ ಕೈಗೆ ದಾಟುವುದು ಇದೇ ನೆಲೆಯ ಮೇಲೆ. ಮೊದಲ ಪುಟದಲ್ಲಿ ಯಾರದೋ ಹೆಸರು, ತಾರೀಖು. ನಡುವೆ ಗುರುತಿಗೆಂದು ಸಿಕ್ಕಿಸಿ ಮರೆತ ಬಸ್ ಟಿಕೆಟು.

ಇ-ಪುಸ್ತಕಕ್ಕೆ ಈ ಬಾಳುವೆ ಇಲ್ಲ. ಅಮೆಜಾನ್‌ನಂಥ ಮಳಿಗೆಗಳ ಕರಾರಿನ ಪ್ರಕಾರ ಅಲ್ಲಿ ಮಾರಾಟವೇ ನಡೆದಿಲ್ಲ. ದುಡ್ಡಿಗೆ ಸಿಕ್ಕಿದ್ದು ಓದುವ ಪರವಾನಗಿ.

ನೆದರ್ಲೆಂಡ್ಸ್‌ನ ಟಾಮ್ ಕ್ಯಾಬಿನೆಟ್ ಎಂಬ ಸಂಸ್ಥೆ ಓದಿ ಮುಗಿಸಿದ ಇ-ಪುಸ್ತಕಗಳ ಮರುಮಾರಾಟಕ್ಕೆ ಕೈಹಾಕಿತು. ಪ್ರಕಾಶಕರು ಕೋರ್ಟಿಗೆಳೆದರು. 2019ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಅದು ಸಲ್ಲದೆಂದಿತು. ಇ-ಪುಸ್ತಕ ಸವೆಯುವುದಿಲ್ಲ, ಹಳೆಯದೂ ಹೊಸದರಷ್ಟೇ ಚೊಕ್ಕ, ಹಾಗಾಗಿ ಮರುಮಾರಾಟ ಹಕ್ಕುದಾರರ ಗಳಿಕೆಗೆ ಪೆಟ್ಟು ಎಂಬುದು ನ್ಯಾಯಾಲಯದ ವಾದಗಳಲ್ಲೊಂದು. ಲೇಖಕರ ಸಂಪಾದನೆಯ ಬಗೆಗಿನ ಆ ಕಾಳಜಿ ಸುಳ್ಳಲ್ಲ. ಆದರೆ ಅಪ್ಪ ಕೊಂಡ ಪುಸ್ತಕ ಮಗಳಿಗೆ ಬರುವುದು ಅದರ ಮೂಲೆ ಮುದುಡಿದೆ ಎಂದಲ್ಲ, ಅದು ಅಪ್ಪನದಾಗಿತ್ತು ಎಂದು. ಆ ಒಡೆತನದ ಪ್ರಶ್ನೆಗೆ ಈ ವಾದ ಉತ್ತರ ಕೊಡುವುದಿಲ್ಲ.

ಕ್ಯಾಲಿಫೋರ್ನಿಯಾ ಕನಿಷ್ಠ ಮಾತನ್ನಾದರೂ ನೇರ ಮಾಡಿಸಿತು. 2025ರ ಜನವರಿ 1ರಿಂದ ಅಲ್ಲಿ ಡಿಜಿಟಲ್ ಸರಕಿಗೆ ‘ಖರೀದಿಸಿ’ ಎಂದು ಬರೆಯುವವರು, ಸಿಗುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸಲೇಬೇಕು. ಶಾಶ್ವತವಾಗಿ ಇಳಿಸಿಟ್ಟುಕೊಳ್ಳಲು ಬಿಡುವವರಿಗೆ ವಿನಾಯಿತಿ ಇದೆ. ಅದೇ ವರ್ಷ ಫೆಬ್ರುವರಿ 26ರಂದು ಅಮೆಜಾನ್, ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ವೈರ್ ಮೂಲಕ ದಾಟಿಸುವ ಸೌಲಭ್ಯವನ್ನು ತೆಗೆದುಹಾಕಿತು. ಗಡುವಿನ ಹಿಂದಿನ ದಿನಗಳಲ್ಲಿ ಎಷ್ಟೋ ಓದುಗರು ವರ್ಷಗಟ್ಟಲೆ ಕೊಂಡಿದ್ದ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಾ ಕೂತಿದ್ದರು.