ಟವರ್ ತುದಿಗೇರಿದ ರೇಡಿಯೊ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಡೆಂಕನಮರಡಿಯ ಆ ಕ್ಷಣ ಗೊತ್ತು. ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದು ಗುಡುಗಿದೊಡನೆ ಲಕ್ಷಾಂತರ ಮಂದಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದು ದನಿ, ಲಕ್ಷ ಕಿವಿ. ಕಾರಣಿಕ ನುಡಿದದ್ದೇ ತಡ, ಮೌನ ಒಡೆದು ಎಲ್ಲರ ಕೈಯಲ್ಲೂ ಮೊಬೈಲು! ಮಳೆ ಬೆಳೆಯ ಬಗ್ಗೆ ಸ್ವಾಮಿ ಏನೆಂದ ಎಂದು ಊರಿಗೆ ತಿಳಿಸುವ ಆತುರ. ಹತ್ತಿರದ ಟವರಿಗೆ ಕಷ್ಟಕಾಲ ಶುರುವಾಗುವುದು ಆಗಲೇ. ಇಷ್ಟು ಜನ ಒಟ್ಟಿಗೇ ಮಾತಿಗಿಳಿದರೆ ಯಾರದನ್ನು ಕೇಳುವುದು? ‘ಸದ್ದಲೇ’ ಎಂದು ಗದರಿಸಲು ಅದಕ್ಕೆ ಬಾರದು.

ಅದೇ ತಾಲ್ಲೂಕಿನ ಇಟ್ಟಿಗಿಯಂಥ ಕಡೆಯ ತೊಂದರೆ ಇದಕ್ಕೆ ತದ್ವಿರುದ್ಧ. ಇಲ್ಲಿ ಜನ ಕಿಕ್ಕಿರಿದಿಲ್ಲ. ಹೊಲಗಳ ನಡುವೆ ಚದುರಿದ ಹಳ್ಳಿಗಳು. ಟವರಿನ ದನಿ ದೂರದವರಿಗೆ ಮುಟ್ಟಬೇಕು, ದೂರದವರ ಪಿಸುಮಾತು ಟವರಿಗೆ ಕೇಳಬೇಕು. ಇದೇನೂ ಸಣ್ಣ ಸಂಗತಿಯಲ್ಲ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ, ಮೊಬೈಲೂ ಸಿಗ್ನಲೂ ಇಲ್ಲದ ಮಕ್ಕಳಿಗಾಗಿಯೇ ಸರ್ಕಾರ ‘ವಿದ್ಯಾಗಮ’ ಎಂದು ಮೇಷ್ಟ್ರುಗಳನ್ನು ಊರೂರಿಗೆ ಕಳಿಸಬೇಕಾಯಿತು. ಈಗಲೂ ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಸೀಟಿಗೆ ಕಾಲೇಜುಗಳ ಆಯ್ಕೆ ಎಲ್ಲವೂ ಅಂತರ್ಜಾಲದಲ್ಲೇ. ಕೊನೆಯ ದಿನ ಸಂಜೆ ಸಿಗ್ನಲ್ ಕೈಕೊಟ್ಟರೆ ಮನೆಯವರೆಲ್ಲರ ಎದೆ ಢವಗುಟ್ಟುತ್ತದೆ.

ಈ ಎರಡು ಕಾಯಿಲೆಗಳಿಗೂ ಎಂಜಿನಿಯರುಗಳು ಹುಡುಕಿದ ಮದ್ದು ಹೆಚ್ಚುಕಡಿಮೆ ಒಂದೇ: ಕೆಳಗಿದ್ದ ರೇಡಿಯೊ ಯಂತ್ರವನ್ನು ಟವರಿನ ತುದಿಗೆ ಹತ್ತಿಸುವುದು, ಸಾಧ್ಯವಾದರೆ ಆಂಟೆನಾದ ಹೊಟ್ಟೆಯೊಳಗೇ ಕೂರಿಸುವುದು.

ಮೊದಲಿನ ಟವರುಗಳನ್ನು ನೆನಪಿಸಿಕೊಳ್ಳಿ. ಬುಡದಲ್ಲೊಂದು ಪುಟ್ಟ ಕೋಣೆ, ಅದಕ್ಕೆ ಎ.ಸಿ., ಪಕ್ಕದಲ್ಲಿ ಗುಡುಗುಡು ಎನ್ನುವ ಡೀಸೆಲ್ ಜನರೇಟರು. ರೇಡಿಯೊ ಯಂತ್ರ ಆ ಕೋಣೆಯೊಳಗೆ, ಆಂಟೆನಾ 40 ಮೀಟರ್ ಮೇಲೆ. ನಡುವೆ ಹೆಬ್ಬೆರಳು ಗಾತ್ರದ ಕಪ್ಪು ಕೇಬಲ್ಲುಗಳು. ಯಂತ್ರ ಹೊಮ್ಮಿಸಿದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಕೇಬಲ್ಲು, ಜೋಡಣೆಗಳಲ್ಲೇ ಶಾಖವಾಗಿ ಸೋರಿಹೋಗಬಹುದಿತ್ತು. ತುಂಗಭದ್ರಾ ಕಾಲುವೆಯ ಕೊನೆಯಂಚಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಫೋನಿನಿಂದ ಬರುವ ಅಲೆಗೂ ಇದೇ ಗತಿ. ನಮ್ಮ 4ಜಿ ಫೋನಿನ ಪೂರ್ತಿ ಕೂಗೆಂದರೆ ಸುಮಾರು 0.2 ವ್ಯಾಟ್. ಮೈಲುಗಟ್ಟಲೆ ಸೊರಗುತ್ತ ಬಂದ ಆ ಕೂಗು ಕೇಬಲಿನಲ್ಲಿ ಮತ್ತಷ್ಟು ಕರಗುತ್ತಿತ್ತು.

ಹಾಗಾಗಿ ಮೊದಲ ಹೆಜ್ಜೆಯಾಗಿ ರೇಡಿಯೊ ಭಾಗವನ್ನು ಗಾಳಿಮಳೆ ತಡೆಯುವ ಪೆಟ್ಟಿಗೆಯಲ್ಲಿಟ್ಟು ಆಂಟೆನಾದ ಬೆನ್ನಿಗೇ ಕಟ್ಟಿದರು. ಕೆಳಗಿನಿಂದ ಈಗ ಮೇಲಕ್ಕೆ ಹೋಗುವುದು ಕೂದಲೆಳೆಯ ಗಾಜಿನ ತಂತು ಮತ್ತು ಕರೆಂಟಿನ ತಂತಿ, ಅಷ್ಟೆ. ಬೆಳಕಾಗಿ ಹೋಗುವ ಮಾಹಿತಿ ಇಷ್ಟು ದೂರದಲ್ಲಿ ಸೊರಗುವುದಿಲ್ಲ. ಆದರೂ ಪೆಟ್ಟಿಗೆ ಮತ್ತು ಆಂಟೆನಾದ ನಡುವೆ ಮೋಟು ಕೇಬಲ್ಲುಗಳು ಉಳಿದವು. ಅವುಗಳ ತಿರುಪು ಸಡಿಲಾಯಿತೋ, ಮಳೆನೀರು ಒಳಗಿಳಿಯಿತೋ, ಮತ್ತೆ ರಗಳೆ. ಸ್ವೀಡನ್ನಿನ ಎರಿಕ್ಸನ್ ಕಂಪೆನಿ 2011ರಲ್ಲಿ ಎರಡನ್ನೂ ಒಂದೇ ಕವಚದೊಳಗೆ ಸೇರಿಸಿದ ಘಟಕವನ್ನು ಮಾರುಕಟ್ಟೆಗೆ ತಂದಿತು. ಆಗ ಅದು ಅನುಕೂಲದ ಮಾತಾಗಿತ್ತು. 5ಜಿ ಬಂದಮೇಲೆ ಅನಿವಾರ್ಯವಾಯಿತು.

ಯಾಕೆ? ಇಲ್ಲಿದೆ ಸ್ವಾರಸ್ಯ.

ಆಂಟೆನಾ ಎಂದರೆ ಒಂದು ಕಡ್ಡಿಯಲ್ಲ. ಆ ಬಿಳಿ ಹಲಗೆಯೊಳಗೆ ಹಲವಾರು ಪುಟ್ಟ ಆಂಟೆನಾಗಳ ಸಾಲಿರುತ್ತದೆ. ಅವುಗಳ ನಡುವಿನ ಅಂತರ ಸುಮಾರು ಅರ್ಧ ಅಲೆಯಷ್ಟು ಇರಬೇಕು. 900 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ 33 ಸೆಂಟಿಮೀಟರ್. ನಮ್ಮಲ್ಲಿ 2022ರ ಅಕ್ಟೋಬರ್ 1ರಂದು ಉದ್ಘಾಟನೆಯಾದ 5ಜಿ ಸೇವೆ ಮುಖ್ಯವಾಗಿ ಬಳಸುವ 3,500 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅದು ಬರೀ 8.6 ಸೆಂಟಿಮೀಟರ್. ಅಂದರೆ ಒಂದು ಮೀಟರಿಗಿಂತ ಕಿರಿದಾದ ಹಲಗೆಯಲ್ಲೇ 192 ಪುಟ್ಟ ಆಂಟೆನಾಗಳನ್ನು ಹಿಡಿಸಬಹುದು. ಅವನ್ನು ಗುಂಪುಗೂಡಿಸಿ 64 ರೇಡಿಯೊಗಳು ನಡೆಸುತ್ತವೆ. ರೇಡಿಯೊ ಬೇರೆ ಪೆಟ್ಟಿಗೆಯಲ್ಲಿದ್ದರೆ ನಡುವೆ 64 ಕೇಬಲ್ಲು ಎಳೆಯಬೇಕಿತ್ತು! ಎರಡನ್ನೂ ಒಟ್ಟಿಗೆ ಬೆಸೆಯದೆ ಗತ್ಯಂತರವಿರಲಿಲ್ಲ.

ಅಷ್ಟೊಂದು ರೇಡಿಯೊ ಯಾತಕ್ಕೆ? ಡೊಳ್ಳಿನ ಮೇಳವೊಂದು ಅಡ್ಡಸಾಲಾಗಿ ನಿಂತಿದೆ ಎನ್ನಿ. ಎಲ್ಲರೂ ಒಮ್ಮೆಗೇ ಬಾರಿಸಿದರೆ ನೇರ ಎದುರಿಗೆ ನಿಂತವನಿಗೆ ಎಲ್ಲ ಪೆಟ್ಟೂ ಒಟ್ಟಿಗೆ ಮುಟ್ಟಿ ಸದ್ದು ಜೋರಾಗುತ್ತದೆ. ಎಡಗಡೆ ದೂರದಲ್ಲಿ ನಿಂತವನಿಗೆ ಹಾಗಲ್ಲ. ಬಲತುದಿಯವನ ಪೆಟ್ಟು ತಡವಾಗಿ ಬರುತ್ತದೆ. ಬಲತುದಿಯವನು ಕೊಂಚ ಮೊದಲು, ಅವನ ಪಕ್ಕದವನು ಅರೆಕ್ಷಣ ಬಿಟ್ಟು, ಹೀಗೆ ಬಾರಿಸುತ್ತ ಬಂದರೆ? ಎಡಗಡೆಯವನಿಗೇ ಎಲ್ಲವೂ ಕೂಡಿ ಕೇಳುತ್ತದೆ. ಮೇಳ ಕದಲಲಿಲ್ಲ, ಸದ್ದಿನ ದಿಕ್ಕು ತಿರುಗಿತು. 64 ರೇಡಿಯೊಗಳು ಮಾಡುವುದೂ ಇದನ್ನೇ, ಸೆಕೆಂಡಿನ ಶತಕೋಟಿಯ ಪಾಲಿಗಿಂತ ಸಣ್ಣ ಲೆಕ್ಕದಲ್ಲಿ. ನಿಮ್ಮ ಫೋನು ಆಗಾಗ ಕಳಿಸುವ ಗುರುತಿನ ಅಲೆಯನ್ನು ಕೇಳಿ, ಅದು ಬಂದ ಹಾದಿಯನ್ನು ಲೆಕ್ಕಹಾಕಿ, ಅದೇ ಹಾದಿಯಲ್ಲಿ ಉತ್ತರವನ್ನು ಕಳಿಸುತ್ತವೆ. ಬೇರೆ ಬೇರೆ ದಿಕ್ಕಿನಲ್ಲಿರುವ ಹಲವರೊಡನೆ ಅದೇ ಕ್ಷಣ, ಅದೇ ಕಂಪನದಲ್ಲಿ ಮಾತಾಡಲು ಸಾಧ್ಯವಾಗುವುದು ಹೀಗೆ. ಜಾತ್ರೆಯ ಗದ್ದಲಕ್ಕೆ ಹೇಳಿಮಾಡಿಸಿದ ಯಂತ್ರ.

ಇಟ್ಟಿಗಿಗೆ? ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು, ಇಂಥ ಪೆಟ್ಟಿಗೆಯೊಂದೇ ಸಾಲದು. 3,500 ಮೆಗಾಹರ್ಟ್ಸ್‌ನ ಅಲೆ ಬಹುದೂರ ಹೋಗದು, ಗೋಡೆ ದಾಟಲು ತಿಣುಕುತ್ತದೆ. ಚದುರಿದ ಹಳ್ಳಿಗಳಿಗೆ 700, 900 ಮೆಗಾಹರ್ಟ್ಸ್‌ನ ಉದ್ದನೆಯ ಅಲೆಗಳೇ ವಾಸಿ. ಆದರೆ ಆ ಅಲೆಗಳಿಗೆ 192 ಆಂಟೆನಾಗಳ ಹಲಗೆ ಮಾಡಹೊರಟರೆ ಅದು ಮನೆಯ ಗೋಡೆಯಷ್ಟಾಗುತ್ತದೆ. ಗಾಳಿಗೆ ಟವರೇ ತಡೆದೀತೆ? ಅಲ್ಲಿ ಉದ್ದ ಆಂಟೆನಾ, ಬೆನ್ನಿಗೆ ಬೇರೆ ರೇಡಿಯೊ ಪೆಟ್ಟಿಗೆ ಎಂಬ ಜೋಡಿಯೇ ಸರಿ.

ಇನ್ನು ಬಿಸಿಲು. ಈ ಸೀಮೆಯ ಏಪ್ರಿಲ್ ಬೇಸಿಗೆಯಲ್ಲಿ ನೆತ್ತಿ ಸುಡುವ ಸೂರ್ಯ, ಒಳಗೆ ರೇಡಿಯೊಗಳದೇ ನೂರಾರು ವ್ಯಾಟ್ ಶಾಖ. ಎ.ಸಿ. ಇಲ್ಲ, ಸಾಮಾನ್ಯವಾಗಿ ಫ್ಯಾನೂ ಇಲ್ಲ. ಬೆನ್ನಮೇಲಿನ ಲೋಹದ ಪಟ್ಟಿಗಳಿಂದಲೇ ಬಿಸಿ ಗಾಳಿಗೆ ಹೋಗಬೇಕು. ಈ ಛಲದಲ್ಲಿ ನಮ್ಮವರದೂ ಒಂದು ಹಳೆಯ ಕತೆಯಿದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣ ಬೇಡದ 128 ಲೈನುಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿ, 1986ರಲ್ಲಿ ಮೊದಲು ನೆಲೆಗೊಳಿಸಿದ್ದು ನಮ್ಮ ಕಿತ್ತೂರಿನಲ್ಲಿ. ಅದೇ ಸಿ-ಡಾಟ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಮತ್ತು ಟಿಸಿಎಸ್ ಸೇರಿ ಕಟ್ಟಿದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರಷ್ಟೇ ಅಲ್ಲ, ಶಾಖದ ಲೆಕ್ಕ ಬಲ್ಲ ಮೆಕ್ಯಾನಿಕಲ್ ಎಂಜಿನಿಯರು, ಡಿಪ್ಲೊಮಾ ಮುಗಿಸಿ ಟವರ್ ಹತ್ತಬಲ್ಲವರು, ಎಲ್ಲರಿಗೂ ಇಲ್ಲಿ ಕೆಲಸವಿದೆ. ಒಂದು ಘಟಕ 25ರಿಂದ 45 ಕಿಲೋ ತೂಗುತ್ತದೆ. ಒಳಗೆ ಏನು ಕೆಟ್ಟರೂ ಇಡೀ ಪೆಟ್ಟಿಗೆಯನ್ನೇ ಕೆಳಗಿಳಿಸಬೇಕು. ಒಟ್ಟು ಕುಟುಂಬದ ಪಾಡು!

ತಂದೆತಾಯಿಯರ ಪ್ರಶ್ನೆ ಬೇರೆ: ಶಾಲೆಯ ಬಳಿಯ ಟವರಿನಿಂದ ಮಕ್ಕಳಿಗೆ ಅಪಾಯವಿಲ್ಲವೇ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ಅಲೆಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ ಇರಬಹುದಾದ’ ಗುಂಪಿಗೆ ಸೇರಿಸಿದ್ದು ನಿಜ. ಅದು ಅನುಮಾನದ ಪಟ್ಟಿ, ಅಪರಾಧ ಸಾಬೀತಾದ ಪಟ್ಟಿಯಲ್ಲ. ಭಾರತ 2012ರ ಸೆಪ್ಟೆಂಬರ್ 1ರಿಂದ ಟವರುಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ದೂರ ಇಮ್ಮಡಿಯಾದರೆ ಅಲೆಯ ತೀವ್ರತೆ ಕಾಲುಭಾಗಕ್ಕೆ ಕುಗ್ಗುತ್ತದೆ. ಎಚ್ಚರ ಬೇಕಿರುವುದು ಆಂಟೆನಾದ ಎದುರಿಗೇ ಹೋಗುವ ಕೆಲಸಗಾರನಿಗೆ. ಅವನು ಯಂತ್ರ ಆರಿಸಿಯೇ ಮುಂದೆ ನಿಲ್ಲಬೇಕು. ಇನ್ನೊಂದು ಮಾತು: ಟವರು ದೂರವಾದಷ್ಟೂ ಫೋನು ಹೆಚ್ಚು ಶಕ್ತಿಯಿಂದ ಕೂಗುತ್ತದೆ, ಅದೂ ನಮ್ಮ ಕಿವಿಗೆ ಆತುಕೊಂಡು.

ನಿಮ್ಮೂರಿನ ಟವರಿನಲ್ಲಿ ಯಾವ ಬಗೆಯಿದೆ ಎಂದು ತಿಳಿಯಲು ಕತ್ತೆತ್ತಿ ನೋಡಿದರಾಯಿತು. ಆಳೆತ್ತರದ ಕಿರಿದಾದ ಹಲಗೆ, ಹಿಂದೆ ಪೆಟ್ಟಿಗೆ, ನಡುವೆ ಕಪ್ಪು ಕೇಬಲ್ಲುಗಳ ಕುಣಿಕೆ ಕಂಡರೆ ಅದು ಬೇರೆ ಬೇರೆ ಇರುವ ಜೋಡಿ. ಗಿಡ್ಡಗೆ, ಅಗಲವಾಗಿ, ಬೆನ್ನುದ್ದಕ್ಕೂ ಲೋಹದ ಪಟ್ಟಿಗಳಿದ್ದು ಎಳೆಗಳು ಎರಡು ಮೂರೇ ಇದ್ದರೆ ರೇಡಿಯೊ ಅದರ ಹೊಟ್ಟೆಯಲ್ಲಿದೆ. ಡೊಳ್ಳಿನಂತೆ ದುಂಡಗಿರುವ ಬಿಳಿಯ ವಸ್ತು ಇವೆರಡೂ ಅಲ್ಲ. ಅದು ಪಕ್ಕದೂರಿನ ಟವರಿನೊಡನೆ ಮಾತಾಡುವುದಕ್ಕೆ.