ಮಳೆಗಾಲದಲ್ಲಿ ಕುದುರೆಯ ಗೊರಸು

ಸಂಜೆ ಚೆನ್ನಾಗಿಯೇ ನಡೆದು ಲಾಯ ಸೇರಿದ್ದ ಕುದುರೆ ಬೆಳಗಾಗುವಷ್ಟರಲ್ಲಿ ಒಂದು ಕಾಲನ್ನು ನೆಲಕ್ಕೆ ಊರಲೊಲ್ಲದು. ಮೇಲೆ ಗಾಯವಿಲ್ಲ, ಬಾವೂ ಇಲ್ಲ. ಮೂಳೆಯೇ ಮುರಿಯಿತೇನೋ ಎಂದು ಸಾಕಿದವರು ಗಾಬರಿಯಾಗುತ್ತಾರೆ. ಮಳೆ ಹಿಡಿದ ದಿನಗಳಲ್ಲಿ ಇಂಥ ಕುಂಟಿಗೆ ಬಹಳ ಸಲ ಕಾರಣ, ಗೊರಸಿನೊಳಗೆ ಕಟ್ಟಿಕೊಂಡ ಕೀವು. ಮೈಸೂರಿನ ಜಟಕಾ ಕುದುರೆ, ಬೆಂಗಳೂರಿನ ರೇಸ್ ಕುದುರೆ ಎಂಬ ಭೇದ ಅದಕ್ಕಿಲ್ಲ.

ಗೊರಸು ಕೆರಾಟಿನ್‌ನಿಂದ ಆದದ್ದು. ಬಹಳ ಹೊತ್ತು ಬಟ್ಟೆ ಒಗೆದವರ ಉಗುರು ಬಾಗುವ ಹಾಗೆ ಅದೂ ನೀರು ಹೀರಿ ಮೆತ್ತಗಾಗುತ್ತದೆ. ಎಷ್ಟು ಮೆತ್ತಗೆ ಎಂಬುದನ್ನು ಕೆನಡಾದಲ್ಲಿ ಜಾನ್ ಬರ್ಟ್ರಮ್ ಮತ್ತು ಜಾನ್ ಗೋಸ್ಲಿನ್ ಅಳೆದು 1987ರಲ್ಲಿ ಪ್ರಕಟಿಸಿದರು. ಪೂರ್ತಿ ಒಣಗಿದ ಗೊರಸಿನ ಬಿಗಿತ 14.6 ಗಿಗಾಪಾಸ್ಕಲ್, ಪೂರ್ತಿ ನೆನೆದಾಗ 0.4ರ ಆಸುಪಾಸು. ಸುಮಾರು 35 ಪಟ್ಟು ಇಳಿಕೆ! ಸೀಳದೆ ತಡೆದುಕೊಳ್ಳುವ ಶಕ್ತಿ ಮಾತ್ರ ನಡುವಣ ತೇವದಲ್ಲಿ ಅತಿ ಹೆಚ್ಚು. ಹಾಗಾಗಿ ತೀರಾ ಒಣಗಿದ ಗೊರಸೂ ಒಳ್ಳೆಯದಲ್ಲ. ಆದರೆ ಕೆಸರಿನಲ್ಲೇ ನಿಂತ ಕುದುರೆಯ ಅಂಗಾಲು ಮೆತ್ತಗಾಗಿ, ಸಣ್ಣ ಕಲ್ಲು ಒತ್ತಿದರೂ ನೋಯುತ್ತದೆ. ಅಂಗಾಲೂ ಗೋಡೆಯೂ ಕೂಡುವ ಬಿಳಿ ಗೆರೆ ಸಡಿಲಗೊಂಡು ಕೊಳೆ ಒಳನುಗ್ಗುತ್ತದೆ.

ಪ್ರಯೋಗಾಲಯವಿಲ್ಲದೆ ಇದನ್ನು ಕಂಡುಕೊಂಡಿದ್ದವನು ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ದಂಡನಾಯಕ ಕ್ಸೆನೊಫೋನ್. ಮೊಳೆ ಹೊಡೆದು ಲಾಳ ಕಟ್ಟುವ ರೂಢಿ ಆಗ ಅವರಲ್ಲಿರಲಿಲ್ಲ; ಬರಿಗೊರಸೇ ಯುದ್ಧಕ್ಕೂ ಆಧಾರ. ಕುದುರೆ ಸವಾರಿಯ ಕುರಿತು ಬರೆದ ಪುಸ್ತಕದಲ್ಲಿ ಅವನು ಕುದುರೆಯ ಪರೀಕ್ಷೆಯನ್ನು ಕಾಲಿನಿಂದಲೇ ಶುರುಮಾಡುತ್ತಾನೆ. ಒಳ್ಳೆಯ ಗೊರಸು ಗಟ್ಟಿ ನೆಲದ ಮೇಲೆ ತಾಳದಂತೆ ದನಿಗೊಡುತ್ತದೆ ಎಂಬ ಮಾತನ್ನು ತನಗಿಂತ ಹಿಂದಿನ ಸೈಮನ್ ಎಂಬವನದೆಂದು ಹೆಸರು ಹೇಳಿಯೇ ದಾಖಲಿಸುತ್ತಾನೆ. ಒದ್ದೆಯಾದ ನುಣುಪು ನೆಲ ಒಳ್ಳೆಯ ಗೊರಸನ್ನೂ ಕೆಡಿಸುವುದರಿಂದ ಲಾಯದ ನೆಲ ಇಳಿಜಾರಾಗಿರಬೇಕು, ಗೊರಸಿನಷ್ಟೇ ದೊಡ್ಡ ಕಲ್ಲುಗಳನ್ನು ಒತ್ತಾಗಿ ಹಾಸಿರಬೇಕು. ಹೊರಗೆ, ಮೈ ಉಜ್ಜುವ ಜಾಗದಲ್ಲಿ, ನಾಲ್ಕೈದು ಬಂಡಿ ಉರುಟುಗಲ್ಲು ಸುರಿದು, ಚೆದುರದಂತೆ ಸುತ್ತ ಕಬ್ಬಿಣದ ಪಟ್ಟಿ ಕಟ್ಟಬೇಕು. ಇಂದು ಲಾಯ ಕಟ್ಟುವವರಿಗೂ ಇದಕ್ಕಿಂತ ಒಳ್ಳೆಯ ಸಲಹೆ ಸಿಗುವುದು ಕಷ್ಟ.

ಗೊರಸಿನ ಹೊರಮೈಗೆ ಹಚ್ಚುವ ಹೊಳಪಿನ ಎಣ್ಣೆಗಳ ಮೇಲೆ ಅಷ್ಟು ಭರವಸೆ ಇಡಲಾಗದು. ಕೆಸರು ತಾಗುವುದು ಅಂಗಾಲಿಗೆ. ಅಲ್ಲಿ ನಡುವೆ ಇರುವ ತ್ರಿಕೋನದ ಮೆತ್ತನೆಯ ಭಾಗದ ಪಕ್ಕದ ಸಂದುಗಳಲ್ಲಿ ಸಗಣಿ, ಮಣ್ಣು ಮೆತ್ತಿಕೊಂಡಾಗ ಗಾಳಿ ಆಡುವುದಿಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆದು ಕಪ್ಪು ರಸ ಒಸರುತ್ತದೆ, ಕೆಟ್ಟ ವಾಸನೆ ಹೊಡೆಯುತ್ತದೆ. ದಿನವೂ ಗೊರಸು ಕೆರೆದು ಒಣನೆಲದಲ್ಲಿ ನಿಲ್ಲಿಸಿದರೆ, ಕೊಳೆತದ್ದನ್ನು ತಿಳಿದವರಿಂದ ಕೊಯ್ಯಿಸಿದರೆ ಬಹುಪಾಲು ವಾಸಿ. ಮೈಲುತುತ್ತವನ್ನೋ ಫಾರ್ಮಲಿನ್ನನ್ನೋ ಕಡುವಾಗಿ ಸುರಿಯುವುದು ತಪ್ಪು: ಅವು ಕೊಳೆತದ್ದರ ಜೊತೆಗೆ ಜೀವಂತ ಅಂಗಾಂಶವನ್ನೂ ಸುಡುತ್ತವೆ.

ಕೀವಿನ ಕಥೆ ಬೇರೆ. ಗೊರಸಿನ ಗೋಡೆ ಹಿಗ್ಗದು. ಒತ್ತಡವೆಲ್ಲ ಒಳಗಿನ ಸೂಕ್ಷ್ಮ ಪದರದ ಮೇಲೆ ಬೀಳುತ್ತದೆ. ಅದಕ್ಕೇ ಅಷ್ಟು ನೋವು. ಗೊರಸು ಬಿಸಿಯಾಗಿರುತ್ತದೆ, ಅದರ ಮೇಲ್ಭಾಗದಲ್ಲಿ ನಾಡಿ ಜೋರಾಗಿ ಹೊಡೆಯುತ್ತದೆ. ಪಶುವೈದ್ಯರು ಇಕ್ಕಳದಂಥ ಸಾಧನದಿಂದ ಒತ್ತಿ ನೋವಿನ ಜಾಗ ಹುಡುಕಿ, ಅಂಗಾಲಿನಲ್ಲಿ ಸಣ್ಣ ದಾರಿ ಮಾಡಿ ಕೀವು ಹರಿಸುತ್ತಾರೆ. ಆಮೇಲೆ ಎಪ್ಸಮ್ ಉಪ್ಪಿನ ಬೆಚ್ಚನೆಯ ನೀರು ಅಥವಾ ಪೋಲ್ಟೀಸು, ಮೇಲೆ ನೀರು ಇಳಿಯದ ಕಟ್ಟು. ಕೀವು ಹೊರಬಂದರೆ ಕುದುರೆ ಒಂದೆರಡು ದಿನದಲ್ಲೇ ಕಾಲೂರಬಹುದು. ಅಂಗಾಲಿಗೆ ಮೊಳೆ ನಾಟಿದ್ದರೆ ಮಾತ್ರ ಕಿತ್ತು ಎಸೆಯುವ ಆತುರ ಬೇಡ. ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಎಕ್ಸ್‌ರೇಯಲ್ಲಿ ಕಂಡರೆ ಚಿಕಿತ್ಸೆಗೆ ದಾರಿ ಸಿಗುತ್ತದೆ. ಧನುರ್ವಾಯುವಿನ ಲಸಿಕೆ ಆಗಿದೆಯೇ ಎಂದು ಕೂಡಲೇ ನೋಡಬೇಕು. 1889ರಲ್ಲಿ ಕಿಟಸಾಟೊ ಶಿಬಾಸಾಬುರೊ ಬೇರ್ಪಡಿಸಿ ಬೆಳೆಸಿದ ಆ ರೋಗಾಣು ಮಣ್ಣಿನಲ್ಲೂ ಲದ್ದಿಯಲ್ಲೂ ಇರುತ್ತದೆ, ಅದರ ವಿಷಕ್ಕೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ.

ಕೆಳಗೆ ದಾರಿ ಸಿಗದ ಕೀವು ಗೋಡೆಗುಂಟ ಮೇಲೇರಿ, ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಲ್ಲಿ ಒಡೆಯುತ್ತದೆ. ಅಲ್ಲಿ ಅಡ್ಡ ಸೀಳೊಂದು ಉಳಿಯುತ್ತದೆ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುವುದರಿಂದ ಮುಂಭಾಗದ ಸೀಳು ನೆಲ ಮುಟ್ಟಲು ಒಂದು ವರ್ಷದಷ್ಟು ಕಾಲ ಬೇಕು. ಅದು ಕೆಳಗಿಳಿಯುತ್ತ ಬಂದಾಗ ಲಾಳ ಕಟ್ಟುವವರು ಆ ಜಾಗ ಬಿಟ್ಟು ಮೊಳೆ ಹೊಡೆಯುತ್ತಾರೆ.